ಗಾಳಿ ಎಬ್ಬಿಸುತ್ತದೆ, ವೇಗ ಕೊಯ್ಯುತ್ತದೆ

ಎಂಜಿನ್ ಆರಿಸಿ, ಸ್ಪಾರ್ಕ್ ಪ್ಲಗ್ಗಿನ ವೈರು ಕಳಚಿ, ಏರ್ ಫಿಲ್ಟರ್ ಇರುವ ಬದಿ ಮೇಲಾಗುವಂತೆ ರೋಟರಿ ಲಾನ್ ಮೋವರನ್ನು ಓರೆ ಮಾಡಿ ಅದರ ಹೊಟ್ಟೆಯೊಳಗೆ ಇಣುಕಿ ನೋಡಿ. ಅಲ್ಲಿರುವುದು ಒಂದೇ ಒಂದು ಪಟ್ಟಿ! ನಡುವೆ ಬೋಲ್ಟು ಬಿಗಿದ, ಮೊಳದುದ್ದದ ಉಕ್ಕಿನ ಪಟ್ಟಿ. ಅದಾದರೂ ಪೂರ್ತಿ ಹರಿತವೇ? ಅದೂ ಇಲ್ಲ. ಎರಡು ತುದಿಗಳಲ್ಲಿ ಒಂದಿಷ್ಟು ಅಲಗು, ಮಿಕ್ಕಿದ್ದೆಲ್ಲ ಮೊಂಡು ಲೋಹ. ಕತ್ತರಿಗಿರುವಂತೆ ಎದುರು ನಿಲ್ಲುವ ಇನ್ನೊಂದು ಅಲಗೂ ಇಲ್ಲ. ಇಷ್ಟೇ ಇಷ್ಟು ಸಾಮಾನಿನಿಂದ ಇಡೀ ಅಂಗಳದ ಹುಲ್ಲು ಒಂದೇ ಎತ್ತರಕ್ಕೆ ಸಮನಾಗಿ ನಿಲ್ಲುವುದಾದರೂ ಹೇಗೆ?

ಇದರ ಉತ್ತರ ನಮ್ಮ ಮಕ್ಕಳಿಗೆಲ್ಲ ಗೊತ್ತು. ಶಾಲೆಯಿಂದ ಬರುವಾಗ ಕೈಗೊಂದು ಸಪೂರ ಕೋಲು ಸಿಕ್ಕರೆ ಸಾಕು, ರಸ್ತೆ ಬದಿಯ ಪಾರ್ಥೇನಿಯಂ ತಲೆಗಳು ಹಾರುತ್ತವೆ. ಕೋಲನ್ನು ಮೆಲ್ಲಗೆ ಒತ್ತಿದರೆ ಗಿಡ ಬಾಗಿ ತಪ್ಪಿಸಿಕೊಳ್ಳುತ್ತದೆ. ರಪ್ಪನೆ ಬೀಸಿದರೆ ಬಾಗಲೂ ಪುರಸೊತ್ತಿಲ್ಲದೆ ತುಂಡಾಗುತ್ತದೆ. ರೋಟರಿ ಯಂತ್ರದ ಗುಟ್ಟು ಇದೇ. ಏಟು ಸಾಕಷ್ಟು ಜೋರಾಗಿದ್ದರೆ ಎಸಳಿಗೆ ಬೇರೆ ಆಸರೆ ಬೇಡ, ಅದರ ಸ್ವಂತ ಜಡತ್ವವೇ ಅದನ್ನು ನಿಂತಲ್ಲೇ ಹಿಡಿದಿರುತ್ತದೆ.

ಎಷ್ಟು ಜೋರು? ಲೆಕ್ಕ ಹಾಕಿದರೆ ಮೈ ಜುಮ್ಮೆನ್ನುತ್ತದೆ. 21 ಇಂಚಿನ, ಅಂದರೆ ಸುಮಾರು 53 ಸೆಂಟಿಮೀಟರ್ ಉದ್ದದ ಬ್ಲೇಡು ನಿಮಿಷಕ್ಕೆ 3,000 ಸುತ್ತು ತಿರುಗಿದರೆ ಅದರ ತುದಿ ಸೆಕೆಂಡಿಗೆ 84 ಮೀಟರ್ ಓಡುತ್ತದೆ. ಗಂಟೆಗೆ 300 ಕಿಲೋಮೀಟರ್! ಆ ತುದಿ ಸುತ್ತುವುದನ್ನು ಬಿಟ್ಟು ನೆಟ್ಟಗೆ ಹೊರಟಿದ್ದರೆ ಬೆಂಗಳೂರಿನಿಂದ ಮೈಸೂರಿಗೆ ಅರ್ಧ ಗಂಟೆ ಸಾಕಿತ್ತು. ಈ ವೇಗಕ್ಕೂ ಕಡಿವಾಣ ಬೇಕೆಂದು ಅಮೆರಿಕದ ಸುರಕ್ಷತಾ ಮಾನದಂಡ ಬ್ಲೇಡಿನ ತುದಿಗೆ ನಿಮಿಷಕ್ಕೆ 19,000 ಅಡಿಯ ಮಿತಿ ಹಾಕಿದೆ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗೋಣ. ನಿಮಿಷಕ್ಕೆ 3,000 ಸುತ್ತು ಅಂದರೆ ಸೆಕೆಂಡಿಗೆ 50. ಬ್ಲೇಡಿಗೆ ತುದಿ ಎರಡು, ಹಾಗಾಗಿ ಸೆಕೆಂಡಿಗೆ 100 ಏಟು. ಯಂತ್ರ ತಳ್ಳುವವರು ಸೆಕೆಂಡಿಗೆ ಒಂದು ಮೀಟರಿನಂತೆ ನಡೆದರೆ, ಒಂದು ಏಟಿಗೂ ಮುಂದಿನ ಏಟಿಗೂ ನಡುವೆ ಯಂತ್ರ ಮುಂದೆ ಸರಿಯುವುದು ಒಂದೇ ಒಂದು ಸೆಂಟಿಮೀಟರ್. ಅಂದರೆ ಪ್ರತಿ ಏಟಿಗೂ ಹೊಸದಾಗಿ ಸಿಗುವ ಹುಲ್ಲು ಒಂದು ಸೆಂಟಿಮೀಟರಿನಷ್ಟು ಮಾತ್ರ! ಅಲಗು ತುದಿಗಷ್ಟೇ ಯಾಕೆ ಎಂಬುದು ಇಲ್ಲಿ ಬಯಲಾಗುತ್ತದೆ. ಕೊಯ್ಯುವ ಕೆಲಸವನ್ನೆಲ್ಲ ತುದಿಯೇ ಮುಗಿಸಿಬಿಟ್ಟಿರುತ್ತದೆ, ನಡುಭಾಗದ ಪಾಲಿಗೆ ಹುಲ್ಲು ಉಳಿದೇ ಇರುವುದಿಲ್ಲ.

ಹಾಗಾದರೆ ಕಾಲಿಗೆ ಸಿಕ್ಕಿ, ಮಳೆಗೆ ಮಲಗಿ ನೆಲಕ್ಕಂಟಿದ ಹುಲ್ಲಿನ ಗತಿ? ಅಲಗಿನ ಹಿಂದಂಚನ್ನು ಗಮನಿಸಿ. ಅದು ಮೇಲಕ್ಕೆ ಬಾಗಿದೆ. ಆ ಪುಟ್ಟ ಬಾಗು ಗಾಳಿಯನ್ನು ನೆಲದಿಂದ ಮೇಲಕ್ಕೆ ಸೆಳೆಯುತ್ತದೆ, ಗಾಳಿಯೊಂದಿಗೆ ಮಲಗಿದ ಎಸಳುಗಳೂ ಎದ್ದು ನಿಲ್ಲುತ್ತವೆ, ನಿಂತ ಕ್ಷಣವೇ ತುದಿ ಬಂದು ಕೊಯ್ಯುತ್ತದೆ. ಕೊಯ್ದ ಚೂರುಗಳು ಅದೇ ಸುಳಿಗಾಳಿಯಲ್ಲಿ ತೇಲಿ ಹಿಂದಿನ ಚೀಲಕ್ಕೆ ಬೀಳುತ್ತವೆ. ಮೇಲೆ ಮುಚ್ಚಿರುವ ಡೆಕ್ ಬರೀ ಮುಚ್ಚಳವಲ್ಲ, ಗಾಳಿಗೆ ದಾರಿ ತೋರಿಸುವ ಕೋಟೆ. ನಾವು ಬ್ಲೇಡು ಎನ್ನುವುದು ಅರ್ಧ ಕತ್ತಿ, ಅರ್ಧ ಫ್ಯಾನು!

ಹುಲ್ಲು ಕೊಯ್ಯುವ ಯಂತ್ರ ಹುಟ್ಟಿದ್ದು ಮಾತ್ರ ಕತ್ತರಿಯ ದಾರಿಯಲ್ಲಿ. ಇಂಗ್ಲೆಂಡಿನ ಸ್ಟ್ರೌಡ್ ಬಳಿ ಎಡ್ವಿನ್ ಬಡ್ಡಿಂಗ್ 1830ರಲ್ಲಿ ಪೇಟೆಂಟ್ ಪಡೆದ ಯಂತ್ರಕ್ಕೆ ಸ್ಫೂರ್ತಿ ಉಣ್ಣೆಯ ಗಿರಣಿ. ಬಟ್ಟೆಯ ಮೇಲೆದ್ದ ಎಳೆಗಳನ್ನು ಸವರುವ ಉರುಳೆಯಂತ್ರವನ್ನೇ ಆತ ನೆಲದ ಮೇಲೆ ಓಡಿಸಿದ. ಸುರುಳಿ ಅಲಗುಗಳು ಉರುಳುತ್ತ ಕೆಳಗಿನ ಸ್ಥಿರ ಅಲಗಿಗೆ ಹುಲ್ಲನ್ನು ಒತ್ತಿ ಕತ್ತರಿಸುತ್ತವೆ. ಕ್ರಿಕೆಟ್ ಪಿಚ್ಚಿಗೆ, ಗಾಲ್ಫಿನ ಗ್ರೀನಿಗೆ ಇವತ್ತಿಗೂ ಅದೇ ರೀಲ್ ಮೋವರ್ ಬೇಕು, ಅಷ್ಟು ತಗ್ಗಿಸಿ ನಯವಾಗಿ ಕೊಯ್ಯುವುದು ರೋಟರಿಗೆ ಒಗ್ಗದ ಕೆಲಸ. ಆದರೆ ಎತ್ತರಕ್ಕೆ ಬೆಳೆದ ಒರಟು ಹುಲ್ಲಿನೆದುರು ರೀಲ್ ಸೋಲುತ್ತದೆ.

1930ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ರೋಟೋಸೈಥ್ ಎಂಬ ಮೋಟಾರು ರೋಟರಿ ಬಂದರೂ, ಈ ತತ್ವ ಮನೆಮನೆಯ ಅಂಗಳಕ್ಕಿಳಿದ ರೋಚಕ ಕಥೆ ಸಿಡ್ನಿಯದು. 1952ರಲ್ಲಿ ಕಾಂಕರ್ಡ್ ಬಡಾವಣೆಯ ಮರ್ವಿನ್ ವಿಕ್ಟರ್ ರಿಚರ್ಡ್‌ಸನ್ ತಮ್ಮ ಮನೆಯಲ್ಲೇ ಕೂತು ವಿಲಿಯರ್ಸ್ ಕಂಪನಿಯ ಟೂ-ಸ್ಟ್ರೋಕ್ ಎಂಜಿನ್ನನ್ನು ಅಡ್ಡ ಮಲಗಿಸಿದರು. ಮಲಗಿಸಿದ್ದೇ ತಡ, ಅದರ ದಂಡ ನೆಲಕ್ಕೆ ನೆಟ್ಟಗಾಯಿತು, ಬ್ಲೇಡು ನೆಲಕ್ಕೆ ಸಮಾನಾಂತರವಾಗಿ ತಿರುಗತೊಡಗಿತು! ಪೆಟ್ರೋಲ್ ಟ್ಯಾಂಕು ಯಾವುದು ಗೊತ್ತೇ? ಪೀಚ್ ಹಣ್ಣಿನ ಖಾಲಿ ಡಬ್ಬಿ. ಆ ತಗಡಿನ ಡಬ್ಬಿಯ ಯಂತ್ರದಿಂದ ಹುಟ್ಟಿದ್ದೇ ವಿಕ್ಟಾ ಕಂಪನಿ. 2000ದ ಸಿಡ್ನಿ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಹುಲ್ಲು ಕೊಯ್ಯುವ ಯಂತ್ರಗಳೂ ಮೆರವಣಿಗೆ ಮಾಡಿದವೆಂದರೆ ಒಂದು ದೇಶ ಅದನ್ನು ಎಷ್ಟು ಹಚ್ಚಿಕೊಂಡಿತ್ತು ನೋಡಿ. 1960ರ ದಶಕದಲ್ಲಿ ಸ್ವೀಡನ್ನಿನ ಕಾರ್ಲ್ ಡಾಲ್‌ಮನ್ ಇನ್ನೂ ಒಂದು ಚಮತ್ಕಾರ ಮಾಡಿದರು. ಹೋವರ್‌ಕ್ರಾಫ್ಟ್ ನೋಡಿ ಹೊಳೆದ ಉಪಾಯದಿಂದ ಗಾಳಿಯನ್ನು ಕೆಳಕ್ಕೆ ತಳ್ಳಿಸಿ, ಯಂತ್ರವನ್ನೇ ಚಕ್ರವಿಲ್ಲದೆ ತೇಲಿಸಿದರು. ಅದೇ ಫ್ಲೈಮೋ.

ಮಲೆನಾಡಿನ ಅಡಿಕೆ ತೋಟದವರಿಗೆ ಈ ತತ್ವ ಹೊಸದೇನಲ್ಲ. ಬ್ರಷ್ ಕಟ್ಟರಿನ ನೈಲಾನ್ ದಾರವನ್ನೇ ನೋಡಿ. ನಿಂತಾಗ ಜೋತುಬಿದ್ದಿರುವ, ಬೆರಳಲ್ಲಿ ಬಗ್ಗಿಸಬಹುದಾದ ದಾರ ತಿರುಗತೊಡಗಿದರೆ ಕಳೆಯ ಕಾಂಡವನ್ನೇ ಸೀಳುತ್ತದೆ. ಅಲಗೇ ಇಲ್ಲ, ಇರುವುದೆಲ್ಲ ವೇಗ!

ಇಷ್ಟು ಮನಸ್ಸಿಗಿಳಿದರೆ ಅಂಗಡಿಯಲ್ಲಿ ಯಂತ್ರ ಆರಿಸುವುದು ಸಲೀಸು. ಬಣ್ಣ ಬಿಡಿ, ಮೊದಲು ಡೆಕ್ ನೋಡಿ. ಒಳಗೆ ದುಂಡಗೆ, ಆಳವಾಗಿ, ನುಣುಪಾಗಿದ್ದರೆ ಗಾಳಿ ಸರಾಗ. ಮೂಲೆ, ಅಂಚು, ಬೋಲ್ಟಿನ ತಲೆ ಇದ್ದಲ್ಲೆಲ್ಲ ಹಸಿ ಹುಲ್ಲು ಮೆತ್ತಿಕೊಂಡು ಸುಳಿ ಸಾಯುತ್ತದೆ, ಮಳೆಗಾಲದಲ್ಲಿ ಅದರ ಫಲ ಕೂಡಲೇ ಗೊತ್ತಾಗುತ್ತದೆ. ಮಂಗಳೂರು, ಕಾರವಾರದ ಉಪ್ಪುಗಾಳಿಗೆ ಉಕ್ಕಿನ ಡೆಕ್ ಬೇಗ ತುಕ್ಕು ಹಿಡಿಯುವುದರಿಂದ ಅಲ್ಯೂಮಿನಿಯಂ ಅಥವಾ ಗಟ್ಟಿ ಪ್ಲಾಸ್ಟಿಕ್ಕೇ ವಾಸಿ. ಆಮೇಲೆ ಅಗಲ. ಮನೆ ಮುಂದಿನ ಚಿಕ್ಕ ಹುಲ್ಲುಹಾಸಿಗೆ 32ರಿಂದ 38 ಸೆಂಟಿಮೀಟರಿನ ಕರೆಂಟ್ ಮೋವರ್ ಧಾರಾಳ. ಶಾಲೆಯ ಮೈದಾನ, ರೆಸಾರ್ಟು, ಎಸ್ಟೇಟ್ ಬಂಗಲೆಗಾದರೆ 46ರಿಂದ 53 ಸೆಂಟಿಮೀಟರಿನ ಫೋರ್-ಸ್ಟ್ರೋಕ್ ಪೆಟ್ರೋಲ್ ಯಂತ್ರ. ಅಗಲದ ಆಸೆಗೆ ಬಿದ್ದು ಶಕ್ತಿ ಕಡಿಮೆಯದನ್ನು ತಂದರೆ ದಟ್ಟ ಹುಲ್ಲಿಗೆ ಸುತ್ತು ಇಳಿಯುತ್ತದೆ, ಸುತ್ತಿಳಿದರೆ ಗಾಳಿಯೂ ಇಲ್ಲ, ಕೊಯ್ತವೂ ಇಲ್ಲ, ಹುಲ್ಲು ಹರಿದುಹೋಗುತ್ತದೆ ಅಷ್ಟೆ. ವೈರಿನ ಮೋವರಿಗೆ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದರೆ ತಟ್ಟನೆ ಕಡಿದುಬಿಡುವ ಸ್ವಿಚ್ಚು, ಕಡ್ಡಾಯ. ವೈರು ಹೆಗಲ ಮೇಲಿರಲಿ, ಪ್ಲಗ್ಗಿನ ಹತ್ತಿರದಿಂದ ಶುರುಮಾಡಿ ದೂರಕ್ಕೆ ಸಾಗಿ, ಒದ್ದೆ ಹುಲ್ಲಿನ ಮೇಲಂತೂ ಬೇಡವೇ ಬೇಡ.

ಕೊಯ್ಯುವ ಎತ್ತರ ಹೊಂದಿಸುವ ಲಿವರನ್ನು ನಿಮ್ಮ ಹುಲ್ಲು ನೆನೆಸಿಕೊಂಡು ತಿರುಗಿಸಿ ನೋಡಿ. ಗಣಪತಿಗೇರಿಸುವ ನಮ್ಮ ಗರಿಕೆಯೇ ಜಗತ್ತಿನ ಬಿಸಿನಾಡುಗಳ ಮೈದಾನಗಳಲ್ಲಿ ಬರ್ಮುಡಾ ಗ್ರಾಸ್ ಎಂಬ ಹೆಸರಲ್ಲಿ ಹಾಸಿಕೊಂಡಿದೆ! ರೋಟರಿಯಲ್ಲಿ ಅದನ್ನು 25 ಮಿಲಿಮೀಟರಿನ ಸುಮಾರಿಗೆ ಇಳಿಸಬಹುದು. ಅಗಲ ಎಲೆಯ ಬಫೆಲೊ ಹುಲ್ಲಿಗೆ 50 ಮಿಲಿಮೀಟರಿಗೂ ಮೇಲೆಯೇ ಇರಲಿ. ಎಷ್ಟು ಕೊಯ್ದರೂ ಹುಲ್ಲು ಮತ್ತೆ ಚಿಗುರುವುದೇ ಒಂದು ಸೋಜಿಗ. ಅದರ ಎಸಳು ಬೆಳೆಯುವುದು ತುದಿಯಿಂದಲ್ಲ, ಬುಡದಿಂದ. ತುದಿ ಹೋದರೂ ಬೆಳವಣಿಗೆಯ ಜಾಗ ಕೆಳಗೆ ಕ್ಷೇಮವಾಗಿರುತ್ತದೆ. ಆದರೂ ಒಂದು ಸಲಕ್ಕೆ ಮೂರನೇ ಒಂದು ಪಾಲಿಗಿಂತ ಹೆಚ್ಚು ಕೊಯ್ಯಬಾರದು, ಗಿಡದ ಅಡುಗೆಮನೆಯೇ ಆ ಎಸಳು.

ಬ್ಲೇಡು ಮೊಂಡಾದರೆ ಎಸಳಿನ ತುದಿ ಜಜ್ಜಿ, ಮಾರನೇ ದಿನ ಹುಲ್ಲುಹಾಸೆಲ್ಲ ಬಿಳಿಚಿ ಕಂದಾಗುತ್ತದೆ. ಸಾಣೆ ಹಿಡಿದ ಮೇಲೆ ನಡುವಿನ ತೂತಿಗೆ ಗೋಡೆಯ ಮೊಳೆ ತೂರಿಸಿ ಬ್ಲೇಡನ್ನು ಅಡ್ಡಲಾಗಿ ತೂಗುಬಿಡಿ. ಒಂದು ಬದಿ ಕೆಳಗಿಳಿದರೆ ಆ ಬದಿ ಭಾರವೆಂದು ಅರ್ಥ, ಅಲ್ಲಿ ಇನ್ನೊಂದಿಷ್ಟು ಅರ ಉಜ್ಜಬೇಕು. ಸೆಕೆಂಡಿಗೆ 50 ಸುತ್ತಿನಲ್ಲಿ ಕೆಲವೇ ಗ್ರಾಂ ವ್ಯತ್ಯಾಸವೂ ಯಂತ್ರವನ್ನು ಗಡಗಡ ನಡುಗಿಸುತ್ತದೆ. ಕೊಳ್ಳುವಾಗಲೇ ಬಿಡಿ ಬ್ಲೇಡು ಸಿಗುತ್ತದೆಯೇ, ನಿಮ್ಮೂರಲ್ಲಿ ರಿಪೇರಿ ಮಾಡುವವರಿದ್ದಾರೆಯೇ ಎಂದು ಕೇಳಿ. ಇವೆರಡೂ ಇಲ್ಲದ ಎಷ್ಟೇ ಒಳ್ಳೆ ಯಂತ್ರವನ್ನೂ ನಾನಂತೂ ಮನೆಗೆ ತರುವುದಿಲ್ಲ.

ಕೊನೆಗೆ ಹಿಡಿಕೆಯ ಮೇಲಿನ ಸರಳು. ಅದನ್ನು ಹಿಡಿದಿರುವಷ್ಟು ಹೊತ್ತು ಮಾತ್ರ ಬ್ಲೇಡು ತಿರುಗಬೇಕು. ಕೈಬಿಟ್ಟ ಮೂರು ಸೆಕೆಂಡಿನೊಳಗೆ ಬ್ಲೇಡು ಪೂರ್ತಿ ನಿಲ್ಲಬೇಕೆಂದು ಅಮೆರಿಕ 1982ರಲ್ಲೇ ನಿಯಮ ಜಾರಿಗೆ ತಂದಿದೆ. 300 ಕಿಲೋಮೀಟರ್ ವೇಗದಿಂದ ಸೊನ್ನೆಗೆ, ಬರೀ ಮೂರು ಸೆಕೆಂಡಿನಲ್ಲಿ! ಅಂಗಡಿಯವರಿಂದ ಯಂತ್ರ ಚಾಲೂ ಮಾಡಿಸಿ, ಸರಳು ಬಿಡಿಸಿ, ನೀವೇ ಬಾಯಿಬಿಟ್ಟು ಎಣಿಸಿ. ನಾಲ್ಕು ಎಣಿಸಿದರೂ ಸದ್ದು ಅಡಗದಿದ್ದರೆ ಬೇರೆ ಯಂತ್ರ ತೋರಿಸಲು ಹೇಳಿ.