ಕಚೇರಿಗೆ ಎರಡು ಬ್ರಾಡ್‌ಬ್ಯಾಂಡ್ ಸಂಪರ್ಕಗಳು: ನಿರ್ವಹಣೆಯ ಕೆಲವು ವಿಚಾರಗಳು



ನಮ್ಮ ಸಮಾಜದ ವಿದ್ಯಾಸಂಸ್ಥೆಗಳು, ಪ್ರಸಾದ ನಿಲಯಗಳು, ಪತ್ತಿನ ಸಹಕಾರ ಸಂಘಗಳು ಹಾಗೂ ವ್ಯಾಪಾರಸ್ಥ ಬಂಧುಗಳ ಕಚೇರಿಗಳು ಇಂದು ಲೆಕ್ಕಪತ್ರದಿಂದ ಪ್ರವೇಶಾತಿಯವರೆಗೆ ಅಂತರ್ಜಾಲವನ್ನೇ ಅವಲಂಬಿಸಿವೆ. ಜಿ.ಎಸ್.ಟಿ. ಮಾಸಿಕ ರಿಟರ್ನಿಗೆ ಸಾಮಾನ್ಯವಾಗಿ ಮರುತಿಂಗಳ 20ನೆಯ ತಾರೀಖಿನ ಗಡುವು. ವಿದ್ಯಾರ್ಥಿವೇತನದ ಅರ್ಜಿಗೂ ಒಂದು ಕೊನೆಯ ದಿನ. ಅಂದು ಸಂಪರ್ಕ ಕಡಿದುಹೋದರೆ, ಅರ್ಜಿ ಹಿಡಿದು ಬಂದ ಬಡ ವಿದ್ಯಾರ್ಥಿಗೆ ವರ್ಷದ ನೆರವೇ ತಪ್ಪೀತು. ಆದುದರಿಂದ ಎರಡನೆಯ ಸಂಪರ್ಕ ಪಡೆಯುವುದು ವಿವೇಕವೇ ಸರಿ. ಆದರೆ ಎರಡು ಬಿಲ್ಲು ಕಟ್ಟಿದ ಮಾತ್ರಕ್ಕೆ ನಿಶ್ಚಿಂತೆ ದೊರೆಯದು.

ದಾರಿಗಳು ಬೇರೆಯಾಗಿರಲಿ

2008ರ ಜನವರಿ 30ರಂದು ಈಜಿಪ್ಟಿನ ಅಲೆಕ್ಸಾಂಡ್ರಿಯಾ ಬಳಿ ಕಡಲಡಿಯ ಎರಡು ಕೇಬಲ್ಲುಗಳು ಒಂದೇ ದಿನ ತುಂಡಾದವು. ಅವುಗಳ ಒಡೆತನ ಬೇರೆ ಬೇರೆಯಾಗಿದ್ದರೂ ಹಾದುಹೋದ ಕಡಲು ಒಂದೇ ಆಗಿತ್ತು. ಪಶ್ಚಿಮ ದೇಶಗಳೊಡನೆ ಭಾರತದ ಅಂತರ್ಜಾಲ ಸಂಪರ್ಕ ಆಗ ಬಹುವಾಗಿ ಕುಗ್ಗಿತು.

ನಮ್ಮ ಬೀದಿಗೂ ಇದೇ ನ್ಯಾಯ ಅನ್ವಯಿಸುತ್ತದೆ. ಎರಡು ಕಂಪನಿಗಳ ಫೈಬರ್ ತಂತಿಗಳು ಒಂದೇ ಕಂಬದ ಮೇಲೆ ಹಾದು ಬಂದಿದ್ದರೆ, ಮುರಿದು ಬಿದ್ದ ಒಂದು ಕೊಂಬೆ ಎರಡನ್ನೂ ಕಡಿಯಬಲ್ಲದು. ಆದುದರಿಂದ ತಂತಿ ಯಾವ ದಿಕ್ಕಿನಿಂದ ಬರುತ್ತದೆಂದು ಮೊದಲೇ ವಿಚಾರಿಸಬೇಕು. ಒಂದು ಫೈಬರ್, ಇನ್ನೊಂದು ನಿಸ್ತಂತು 4ಜಿ ಅಥವಾ 5ಜಿ ಆದರೆ ಉತ್ತಮ. ಮೋಡೆಮ್, ರೌಟರ್, ಸ್ವಿಚ್ ಎಲ್ಲಕ್ಕೂ ಯು.ಪಿ.ಎಸ್. ಆಸರೆ ಇರಲಿ, ಇಲ್ಲವಾದರೆ ವಿದ್ಯುತ್ ಹೋದಾಗ ಎರಡೂ ಒಟ್ಟಿಗೆ ನಿಲ್ಲುತ್ತವೆ.

ಬಾಗಿಲು ಒಂದೇ ಇರಲಿ

ಎರಡೂ ಮೋಡೆಮ್‌ಗಳನ್ನು ನೇರವಾಗಿ ಒಂದೇ ಸ್ವಿಚ್ಚಿಗೆ ಜೋಡಿಸುವುದು ತಪ್ಪು. ಎರಡೂ ಗಣಕಯಂತ್ರಗಳಿಗೆ ವಿಳಾಸ ಹಂಚತೊಡಗುತ್ತವೆ. ಯಾವ ಯಂತ್ರ ಯಾವ ದಾರಿ ಹಿಡಿಯಿತೆಂಬುದೇ ತಿಳಿಯದು. ಎರಡು ಸಂಪರ್ಕಗಳನ್ನು ಸ್ವೀಕರಿಸಬಲ್ಲ ರೌಟರೊಂದನ್ನು ನಡುವೆ ಇಟ್ಟು, ಕಚೇರಿಯ ಎಲ್ಲ ಯಂತ್ರಗಳಿಗೂ ಅದನ್ನೇ ಬಾಗಿಲಾಗಿಸಬೇಕು. ಎರಡೂ ಮೋಡೆಮ್‌ಗಳ ಒಳವಿಳಾಸ 192.168.1.1 ಎಂದೇ ಇದ್ದರೆ, ಒಂದನ್ನು ಬದಲಿಸಿ 192.168.2.1 ಎಂದು ಮಾಡಿಸಬೇಕು.

ಈ ರೌಟರನ್ನು ಎರಡು ಬಗೆಯಲ್ಲಿ ನಡೆಸಬಹುದು. ಮೊದಲನೆಯ ಬಗೆಯಲ್ಲಿ ಒಂದು ಸಂಪರ್ಕ ದುಡಿಯುತ್ತದೆ, ಇನ್ನೊಂದು ಆಪತ್ತಿಗೆ ಕಾದಿರುತ್ತದೆ. ಸಣ್ಣ ಕಚೇರಿಗೆ ಇಷ್ಟೇ ಸಾಕು. ಎರಡನೆಯದರಲ್ಲಿ ಎರಡೂ ಹೊರೆ ಹಂಚಿಕೊಳ್ಳುತ್ತವೆ. 100 ಹಾಗೂ 50 ಎಂ.ಬಿ.ಪಿ.ಎಸ್. ಸಂಪರ್ಕಗಳಿದ್ದರೆ ಹಂಚಿಕೆ 2ಕ್ಕೆ 1ರಂತೆ ಇರಬೇಕು. ಆದರೆ ಒಂದೇ ಕಡತವನ್ನು ಇಳಿಸಿಕೊಳ್ಳುವಾಗ ವೇಗ 150 ಆಗುತ್ತದೆಂದು ಭಾವಿಸಬಾರದು. ಅದು ಸಾಮಾನ್ಯವಾಗಿ ಒಂದೇ ದಾರಿಯಲ್ಲಿ ಹರಿಯುತ್ತದೆ. ಹಲವರು ಏಕಕಾಲದಲ್ಲಿ ಕೆಲಸ ಮಾಡುವಾಗಲೇ ಇದರ ಲಾಭ.

ಇಲ್ಲೊಂದು ಎಚ್ಚರಿಕೆಯೂ ಅಗತ್ಯ. ಬ್ಯಾಂಕಿನ ಜಾಲತಾಣಕ್ಕೆ ಒಬ್ಬನೇ ಗ್ರಾಹಕ ಎರಡು ಐ.ಪಿ. ವಿಳಾಸಗಳಿಂದ ಬಂದಂತೆ ತೋರಿದರೆ, ಅದು ಸಂಶಯಗೊಂಡು ವ್ಯವಹಾರವನ್ನು ನಡುವೆಯೇ ನಿಲ್ಲಿಸಬಹುದು. ಅಂಥ ತಾಣಗಳು ಸದಾ ಒಂದೇ ಸಂಪರ್ಕದಲ್ಲಿ ಸಾಗುವಂತೆ ರೌಟರಿನಲ್ಲಿ ನಿಯಮ ಹಾಕಿಸಬೇಕು.

ಪರೀಕ್ಷೆ ತಪ್ಪದಿರಲಿ

ಮೋಡೆಮಿನ ದೀಪ ಉರಿಯುತ್ತಿದ್ದರೂ ಮುಂದೆಲ್ಲೋ ದಾರಿ ಕಡಿದಿರಬಹುದು. ಮೋಡೆಮನ್ನಷ್ಟೇ ವಿಚಾರಿಸುವ ರೌಟರ್ ಇದನ್ನರಿಯದೆ ಸತ್ತ ದಾರಿಯಲ್ಲೇ ಕೆಲಸ ಕಳುಹಿಸುತ್ತದೆ. ಆದುದರಿಂದ ಅಂತರ್ಜಾಲದ ಎರಡು ದೂರದ ವಿಳಾಸಗಳನ್ನು ಪದೇ ಪದೇ ವಿಚಾರಿಸುವಂತೆ ಅದಕ್ಕೆ ಸೂಚನೆ ಕೊಡಿಸಬೇಕು. ತಿಂಗಳಿಗೊಮ್ಮೆ ಕಚೇರಿಯ ಬಿಡುವಿನ ವೇಳೆಯಲ್ಲಿ ಮೊದಲ ಸಂಪರ್ಕದ ತಂತಿಯನ್ನು ಕಿತ್ತು, ಎರಡನೆಯದು ತಾನಾಗಿಯೇ ಹೊಣೆ ಹೊರುತ್ತದೆಯೇ ಎಂದು ನೋಡಬೇಕು. ಗ್ರಾಹಕ ಸಂಖ್ಯೆ, ದೂರು ಸಲ್ಲಿಸುವ ದೂರವಾಣಿ, ಬಿಲ್ಲಿನ ದಿನಾಂಕಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಗುಪ್ತಪದ ಒಬ್ಬ ನೌಕರರ ನೆನಪಿನಲ್ಲಷ್ಟೇ ಉಳಿಯದೆ, ಮೊಹರು ಮಾಡಿದ ಲಕೋಟೆಯಲ್ಲಿ ಕಾರ್ಯದರ್ಶಿಗಳ ವಶದಲ್ಲಿಯೂ ಇರಲಿ.

ಸಂಜೆಯಾಗುವ ಮುನ್ನವೇ ದೀಪದ ಎಣ್ಣೆ ನೋಡಿಕೊಳ್ಳುವುದು ನಮ್ಮ ಮನೆಗಳ ರೂಢಿ. ಅದೇ ಎಚ್ಚರ ಕಚೇರಿಯಲ್ಲಿಯೂ ಇದ್ದರೆ ಕಾಯಕ ನಿಲ್ಲದು. ನಮ್ಮನ್ನು ನಂಬಿ ಬಂದವರು ಬರಿಗೈಯಲ್ಲಿ ಮರಳಬೇಕಾಗದು. ಸಂಸ್ಥೆಗಳ ಪದಾಧಿಕಾರಿಗಳು ಮುಂದಿನ ಸಭೆಯಲ್ಲಿಯೇ ಈ ವಿಷಯವನ್ನು ಪರಿಶೀಲಿಸಬೇಕೆಂದು ನಾವು ವಿನಂತಿಸುತ್ತೇವೆ.