ಮಾಯವಾಗುವ ಹುಣ್ಣು

ಹಲ್ಲು ನೊಂದರೆ ನಾವು ವೈದ್ಯರ ಬಳಿಗೆ ಓಡುತ್ತೇವೆ. ನೋವಿಲ್ಲದಿದ್ದರೆ ರೋಗವೇ ಇಲ್ಲವೆಂದು ಸುಮ್ಮನಿರುತ್ತೇವೆ. ಮಾನವನ ಈ ಸ್ವಭಾವವನ್ನೇ ನಂಬಿ ಬಾಳುವ ರೋಗಾಣುವೊಂದಿದೆ. ಟ್ರೆಪೊನೀಮಾ ಪ್ಯಾಲಿಡಮ್ ಎಂಬುದು ಅದರ ಹೆಸರು. ಅದು ತರುವ ರೋಗವೇ ಸಿಫಿಲಿಸ್. ಲೈಂಗಿಕ ಸಂಪರ್ಕದಿಂದ ಹರಡುವ ರೋಗಗಳ ವಿಷಯವನ್ನು ಹಿರಿಯರ ಮುಂದೆ ಎತ್ತಲು ನಮ್ಮ ವಿದ್ಯಾರ್ಥಿಗಳು ನಾಚುತ್ತಾರೆ. ಹಿರಿಯರಾದರೋ ಇನ್ನೂ ಹೆಚ್ಚು ನಾಚುತ್ತಾರೆ. ರೋಗಾಣುವಿಗೆ ನಾಚಿಕೆಯಿಲ್ಲ.

ನಮ್ಮಲ್ಲಿ ಇದಕ್ಕೆ ಪರಂಗಿ ರೋಗವೆಂಬ ಹೆಸರಿತ್ತು. 16ನೆಯ ಶತಮಾನದ ಭಾವಮಿಶ್ರನು ತನ್ನ ‘ಭಾವಪ್ರಕಾಶ’ದಲ್ಲಿ ‘ಫಿರಂಗ ರೋಗ’ವನ್ನು ವರ್ಣಿಸಿದ್ದಾನೆ. ಫಿರಂಗಿಗಳೆಂದರೆ ಯೂರೋಪಿನವರು. ಅತ್ತ ಇಟಲಿಯವರು ಇದನ್ನು ಫ್ರೆಂಚರ ರೋಗವೆಂದರು. ಫ್ರೆಂಚರು ನೇಪಲ್ಸಿನ ರೋಗವೆಂದರು. ನೆರೆಯವನ ತಲೆಗೆ ಕಟ್ಟುವ ಈ ಚಾಳಿ ಎಲ್ಲ ದೇಶಗಳಲ್ಲಿಯೂ ಒಂದೇ! ಆಗಿನ ಮದ್ದುಗಳು ಪರಂಗಿ ಚಕ್ಕೆ ಮತ್ತು ಪಾದರಸ. ಪಾದರಸವು ರೋಗಿಯ ಹಲ್ಲುಗಳನ್ನೂ ಉದುರಿಸುತ್ತಿತ್ತು.

ಈಗ ಆಳಂದ ತಾಲ್ಲೂಕಿನ ಕಿಣ್ಣಿ ಸುಲ್ತಾನದ ತರುಣನೊಬ್ಬನನ್ನು ಕಲ್ಪಿಸಿಕೊಳ್ಳೋಣ. ತೊಗರಿಯ ರಾಶಿ ಮುಗಿದ ಮೇಲೆ, ಅಫಜಲಪುರ, ಜೇವರ್ಗಿಗಳ ಕಡೆಯ ಅನೇಕರಂತೆ, ಅವನೂ ದುಡಿಮೆಗಾಗಿ ಪುಣೆಗೆ ಹೋಗಿದ್ದಾನೆ. (ಊರು ಬಿಟ್ಟವರಿಗೆ ಮಾತ್ರ ಸೋಂಕು ತಗಲುವುದೆಂದು ಯಾರೂ ತಿಳಿಯಬಾರದು, ಊರೊಳಗೂ ಅದು ಹಾಗೆಯೇ ಹರಡುತ್ತದೆ.) ಸೋಂಕು ತಗಲಿ ಸುಮಾರು 3 ವಾರಗಳಾದ ಮೇಲೆ ಜನನಾಂಗದಲ್ಲಿ ಒಂದು ಗಟ್ಟಿ ಹುಣ್ಣು ಕಾಣಿಸಿತು. ನೋವಿಲ್ಲ. ಗೆಳೆಯನು ಕೊಟ್ಟ ಮುಲಾಮನ್ನು ಹಚ್ಚಿದನು. ಕೆಲವು ವಾರಗಳಲ್ಲಿ ಹುಣ್ಣು ಮಾಯವಾಯಿತು. ಮುಲಾಮಿಗೆ ಕೀರ್ತಿ ಬಂದಿತು. ಆದರೆ ಏನನ್ನೂ ಹಚ್ಚದಿದ್ದರೂ ಅದು ಮಾಯವಾಗುತ್ತಿತ್ತು! ಅಷ್ಟರಲ್ಲಿ ರೋಗಾಣುಗಳು ರಕ್ತಕ್ಕೆ ಇಳಿದಿದ್ದವು. ಮುಂದೆ ಅಂಗೈ ಅಂಗಾಲುಗಳಲ್ಲಿ ದದ್ದು ಏಳಬಹುದು. ಅದೂ ತಾನಾಗಿಯೇ ಅಡಗುವುದು. ಬಳಿಕ ವರ್ಷಗಟ್ಟಲೆ ಮೌನ. ಚಿಕಿತ್ಸೆ ಪಡೆಯದ ಕೆಲವರಲ್ಲಿ ಬಹುಕಾಲದ ಮೇಲೆ ಮಹಾಧಮನಿ, ಮೆದುಳುಗಳು ಕೆಡುತ್ತವೆ.

ಅದೇ ವರ್ಷ ಅವನಿಗೆ ಮದುವೆಯಾಗಿ, ಹೆಂಡತಿ ಗರ್ಭಿಣಿಯಾದಳೆನ್ನೋಣ. ಅವಳಿಗೂ ಸೋಂಕು ತಗಲಿದೆ. ಯಾವ ಲಕ್ಷಣವೂ ಇಲ್ಲ. ರೋಗಾಣು ಆಕೆಯ ರಕ್ತದಿಂದ ಗರ್ಭಸ್ಥ ಶಿಶುವನ್ನು ಸೇರಬಲ್ಲದು. ಶಿಶು ಸತ್ತು ಹುಟ್ಟಬಹುದು. ಬದುಕಿದರೂ ಮೂಳೆ, ಕಿವಿ, ಕಣ್ಣುಗಳಿಗೆ ಹಾನಿಯಾಗಬಹುದು.

ಈ ಕಳ್ಳನನ್ನು ಹಿಡಿದ ಕಥೆ ಸ್ವಾರಸ್ಯವಾದುದು. 1905ರಲ್ಲಿ ಜರ್ಮನಿಯ ಶೌಡಿನ್, ಹಾಫ್‌ಮನ್ ಎಂಬವರು ಸೂಕ್ಷ್ಮದರ್ಶಕದಲ್ಲಿ ತಿರುಪು ಮೊಳೆಯಂತಹ ಈ ಜೀವಿಯನ್ನು ಕಂಡರು. ಮರುವರ್ಷವೇ ವಾಸರ್‌ಮನ್ ರಕ್ತಪರೀಕ್ಷೆಯನ್ನು ರೂಪಿಸಿದನು. 1943ರಲ್ಲಿ ಅಮೆರಿಕದ ಮಹೋನಿ ಪೆನಿಸಿಲಿನ್ನಿನಿಂದ ರೋಗಿಗಳನ್ನು ಗುಣಪಡಿಸಿದನು. ರೋಗಾಣು ಇಬ್ಭಾಗವಾಗಿ ತನ್ನ ಕೋಶಭಿತ್ತಿಯನ್ನು ಕಟ್ಟಿಕೊಳ್ಳುವಾಗ ಪೆನಿಸಿಲಿನ್ ಅದನ್ನು ಕೆಡಿಸುತ್ತದೆ. ಆದರೆ ಈ ಸೋಮಾರಿ ಇಬ್ಭಾಗವಾಗಲು 30 ಗಂಟೆಗಳಿಗೂ ಹೆಚ್ಚು ಕಾಲ ತೆಗೆದುಕೊಳ್ಳುತ್ತದೆ! ಆದುದರಿಂದ ಸ್ನಾಯುವಿನಲ್ಲಿದ್ದು ಮೆಲ್ಲಮೆಲ್ಲನೆ ಕರಗುವ ಬೆಂಜಥೀನ್ ಪೆನಿಸಿಲಿನ್ ಬೇಕು. ಹೊಸ ಸೋಂಕಿಗೆ 24 ಲಕ್ಷ ಯೂನಿಟ್ಟುಗಳ ಒಂದು ಸಲದ ಚುಚ್ಚುಮದ್ದು. ಹಳೆಯದಾದರೆ ವಾರಕ್ಕೊಮ್ಮೆಯಂತೆ ಮೂರು ಸಲ. ಗೊನೊರಿಯಾದ ರೋಗಾಣು ಒಂದೊಂದೇ ಔಷಧವನ್ನು ಸೋಲಿಸುತ್ತ ಬಂದಿದೆ. ಸಿಫಿಲಿಸಿನದು ಪೆನಿಸಿಲಿನ್ನಿಗೆ ಇಂದಿಗೂ ಮಣಿಯುತ್ತದೆ.

ಸಿಫಿಲಿಸ್, ಗೊನೊರಿಯಾ, ಕ್ಲಮೀಡಿಯ, ಟ್ರೈಕೊಮೊನಿಯಾಸಿಸ್ — ಈ ನಾಲ್ಕೂ ಗುಣವಾಗುವಂಥವು. ಆದರೂ 2020ರಲ್ಲಿ ಜಗತ್ತಿನಲ್ಲಿ ಇವುಗಳ 37.4 ಕೋಟಿ ಹೊಸ ಸೋಂಕುಗಳಾದುವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಕಾಂಡೋಮ್ ಅಪಾಯವನ್ನು ಬಹುಮಟ್ಟಿಗೆ ತಗ್ಗಿಸುತ್ತದೆ. ಅದು ಮುಚ್ಚದ ಭಾಗದಲ್ಲಿ ಹುಣ್ಣಿದ್ದರೆ ಮಾತ್ರ ರಕ್ಷಣೆಯಿಲ್ಲ. ಹೆಪಟೈಟಿಸ್-ಬಿ ಹಾಗೂ ಗರ್ಭಕೊರಳಿನ ಕ್ಯಾನ್ಸರಿಗೆ ಕಾರಣವಾಗುವ ಎಚ್‌ಪಿವಿ ವೈರಸ್ಸಿಗೆ ಲಸಿಕೆಗಳಿವೆ. ಸಂದೇಹವಿದ್ದವರಿಗಾಗಿ ಸರ್ಕಾರಿ ಆಸ್ಪತ್ರೆಗಳಲ್ಲಿ ‘ಸುರಕ್ಷಾ ಕ್ಲಿನಿಕ್’ಗಳಿವೆ, ಹೆಸರು ಹೇಳದೆ ಕೇಳಲು 1097 ಎಂಬ ಉಚಿತ ದೂರವಾಣಿಯೂ ಇದೆ.

ನಮ್ಮ ತರುಣನ ಹೆಂಡತಿ ಬಸುರಿನ ಮೊದಲ ತಪಾಸಣೆಗೆ ಹೋದಾಗ, ಬೆರಳಿನ ಒಂದು ಹನಿ ರಕ್ತದಲ್ಲಿ ಸೋಂಕು ಪತ್ತೆಯಾಗುವುದು. ದಾದಿ ಗಂಡನನ್ನೂ ಕರೆತರಲು ಹೇಳುವಳು. ಒಬ್ಬರಿಗೆ ಮಾತ್ರ ಮದ್ದು ಕೊಟ್ಟರೆ ಸೋಂಕು ಇನ್ನೊಬ್ಬರಿಂದ ಮರಳಿ ಬರುವುದು. ಹುಣ್ಣು ಅಂದೇ ಹೋಯಿತಲ್ಲ ಎಂದು ಅವನು ವಾದಿಸಬಹುದು. ಬಂದರೆ ಅವನ ತೋಳಿನಿಂದಲೂ ಸ್ವಲ್ಪ ರಕ್ತ ತೆಗೆಯುವರು. ಹೆರಿಗೆಗೆ 30 ದಿನಗಳಿಗೂ ಮೊದಲೇ ತಾಯಿಗೆ ಪೆನಿಸಿಲಿನ್ ದೊರೆತರೆ, ಆ ಮದ್ದು ಹೊಟ್ಟೆಯೊಳಗಿನ ಮಗುವಿಗೂ ತಲಪುತ್ತದೆ.