ಮನೆಗೆ ಇಂಟರ್ನೆಟ್: ವೇಗ ಕೇಳುವ ಮುಂಚೆ ತಂತಿ ನೋಡಿ



ತೂಕಕ್ಕೆ ಅಡಿಕೆ ತಂದವರು ಸಂಘದ ಜಗುಲಿಯಲ್ಲಿ ಕುಳಿತರೆ ಮೊದಲು ಕೊಳೆರೋಗದ ಮಾತು, ಆಮೇಲೆ ಮಂಗನ ಕಾಟದ ಮಾತು. ಈಚಿನ ವರ್ಷಗಳಲ್ಲಿ ಮೂರನೆಯದಾಗಿ ನೆಟ್ಟಿನ ಮಾತೂ ಸೇರಿಕೊಂಡಿದೆ. "ನಮ್ಮನೇಲಿ ನೂರರ ಪ್ಲಾನು, ಆದರೂ ಮಗಳ ವಿಡಿಯೋ ಕಾಲ್ ನಿಂತು ನಿಂತು ಬರ್ತದೆ" ಎಂದು ಅಚವೆ ಕಡೆಯವರೊಬ್ಬರು. "ಟವರ್ ಎದುರಿಗೇ ಕಾಣ್ತದೆ, ಫೋನಲ್ಲಿ ಕಡ್ಡಿ ತುಂಬಿದೆ, ಒಂದು ಫೋಟೋ ಹೋಗೂದಿಲ್ಲ" ಎಂದು ಕದ್ರಾ ಕಡೆಯವರು. "ಫೈಬರ್ ಹಾಕಿಸಿ ಮಾರಾಯ್ರೇ, ಸಿಡಿಲಿನ ಹೆದರಿಕೆಯೇ ಇಲ್ಲ" ಎಂದು ಎಲ್ಲ ಬಲ್ಲ ಮತ್ತೊಬ್ಬರು. ಈ ಮೂರೂ ಮಾತುಗಳಲ್ಲಿ ಅರ್ಧ ನಿಜವಿದೆ. ಉಳಿದರ್ಧವನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಇದು ಸಿನಿಮಾ ನೋಡುವವರ ತಾಪತ್ರಯವಷ್ಟೇ ಆಗಿದ್ದರೆ ಸಂಘದ ಪತ್ರಿಕೆಯಲ್ಲಿ ಜಾಗ ಕೊಡಬೇಕಾಗಿರಲಿಲ್ಲ. 2020ರಿಂದ ಬೆಳೆ ಸಮೀಕ್ಷೆಯ ಫೋಟೋವನ್ನು ರೈತನೇ ತನ್ನ ಫೋನಿನಿಂದ ಕಳಿಸಬಹುದಾಗಿದೆ. ಅಡಿಕೆ, ಕಾಳುಮೆಣಸಿಗೆ ವಿಮೆ ಕಟ್ಟಿದವರ ಅರ್ಜಿಯನ್ನು ಆ ಸಮೀಕ್ಷೆಯ ದಾಖಲೆಯೊಂದಿಗೆ ತಾಳೆ ನೋಡುತ್ತಾರೆ. ತೋಟದಲ್ಲಿ ಅಡಿಕೆಯಿದ್ದು ದಾಖಲೆಯಲ್ಲಿ ಬೇರೇನೋ ಇದ್ದರೆ ಓಡಾಟ ನಮಗೇ. ಬ್ಯಾಂಕಿನ ಓಟಿಪಿ, ಧಾರಣೆಯ ಸುದ್ದಿ, ಮಳೆಯ ಮುನ್ಸೂಚನೆ ಎಲ್ಲವೂ ಈಗ ಇದೇ ದಾರಿಯಲ್ಲಿ ಬರುತ್ತವೆ. 2020-21ರ ಕೊರೋನಾ ಕಾಲದಲ್ಲಿ ನಮ್ಮ ಮಕ್ಕಳು ಪಾಠ ಕೇಳಲಿಕ್ಕೆ ಛತ್ರಿ ಹಿಡಿದು ಗುಡ್ಡ ಹತ್ತಿದ್ದನ್ನು ಯಾರೂ ಮರೆತಿಲ್ಲ.

ಮೊದಲು ವೇಗದ ಲೆಕ್ಕ. ಪ್ಲಾನಿನಲ್ಲಿ ಹೇಳುವ 30, 100 ಎಂಬ ಅಂಕಿಗಳು ಸೆಕೆಂಡಿಗೆ ಇಷ್ಟು ಮೆಗಾಬಿಟ್ ಎಂಬುದರ ಲೆಕ್ಕ. ಫೋಟೋ, ಸಿನಿಮಾಗಳ ಗಾತ್ರವನ್ನು ಅಳೆಯುವುದು ಮೆಗಾಬೈಟಿನಲ್ಲಿ. 8 ಬಿಟ್ ಸೇರಿದರೆ 1 ಬೈಟ್. ಆದ್ದರಿಂದ 100ರ ಪ್ಲಾನೆಂದರೆ ಸೆಕೆಂಡಿಗೆ ಹನ್ನೆರಡೂವರೆ ಮೆಗಾಬೈಟ್ ಮಾತ್ರ. ಸರಕಾರದ ವ್ಯಾಖ್ಯೆಯಲ್ಲಿ 2023ರಿಂದ ಕನಿಷ್ಠ 2 ಮೆಗಾಬಿಟ್ ಬಂದರೆ ಅದು ಬ್ರಾಡ್‌ಬ್ಯಾಂಡ್. ಒಂದು ವಿಡಿಯೋ ಕಾಲ್‌ಗೆ ಎರಡು ಮೂರು ಮೆಗಾಬಿಟ್ ತಪ್ಪದೆ ಬಂದರೆ ಸಾಕು. ಅಂದಮೇಲೆ ಅಚವೆಯವರ ತೊಂದರೆ ನೂರನ್ನು ಇನ್ನೂರು ಮಾಡಿದರೆ ಹೋಗತಕ್ಕದ್ದಲ್ಲ. ತೊಂದರೆ ಇರುವುದು ತಂತಿಯಲ್ಲಿ, ಇಲ್ಲವೇ ಮನೆಯ ಗೋಡೆಯಲ್ಲಿ.

ಗೋಡೆಯದು ಸುಲಭ. ನಮ್ಮ ಹಳೇ ಮನೆಗಳ ಚಿರೆಕಲ್ಲಿನ ಗೋಡೆ ದಪ್ಪ, ಮಳೆಗಾಲದಲ್ಲಿ ತೇವ ಕುಡಿದಿರುತ್ತದೆ. ವೈಫೈಯ ಅಲೆಗೆ ಕಲ್ಲೂ ಆಗದು, ನೀರೂ ಆಗದು. ಪೆಟ್ಟಿಗೆಯನ್ನು ದೇವರ ಕೋಣೆಯ ಪಕ್ಕದ ಮೂಲೆಯಲ್ಲಿಟ್ಟು ಚಾವಡಿಯಲ್ಲಿ ಕುಳಿತು ಬೈದರೆ ಫಲವಿಲ್ಲ. ಪೆಟ್ಟಿಗೆಯ ಪಕ್ಕದಲ್ಲೇ ನಿಂತು ಒಮ್ಮೆ ಮಾತಾಡಿ ನೋಡಿ. ಅಲ್ಲಿ ಸರಿ ಬಂದು ಚಾವಡಿಯಲ್ಲಿ ಬಾರದಿದ್ದರೆ ದೋಷ ಮನೆಯೊಳಗಿನದು.

ಈಗ ತಂತಿ. ಹಿಂದೆ ಟೆಲಿಫೋನಿಗೆ ತಾಮ್ರದ ತಂತಿ ಇತ್ತು. ಹಳ್ಳಿಯ ಸೆಕೆ, ಧೂಳುಗಳಿಗೆ ಹೆದರದ, ಏರ್‌ಕಂಡಿಷನ್ ಬೇಡದ ಪುಟ್ಟ ಎಕ್ಸ್‌ಚೇಂಜನ್ನು ಸಿ-ಡಾಟ್ ಸಂಸ್ಥೆಯವರು ನಮ್ಮ ದೇಶದಲ್ಲೇ ತಯಾರಿಸಿ 1986ರಲ್ಲಿ ಮೊದಲು ಕೂರಿಸಿದ್ದು ಘಟ್ಟದ ಮೇಲಿನ ಕಿತ್ತೂರಿನಲ್ಲಿ. ಟ್ರಂಕ್ ಕಾಲ್ ಬುಕ್ ಮಾಡಿ ಇಡೀ ದಿನ ಕಾದವರಿಗೆ ಅದರ ಬೆಲೆ ಗೊತ್ತು. ಆದರೆ ತಾಮ್ರದಲ್ಲಿ ದೂರ ಹೆಚ್ಚಿದಂತೆ ಇಂಟರ್ನೆಟ್ ಕುಂಟುತ್ತದೆ. ಎಕ್ಸ್‌ಚೇಂಜಿನಿಂದ ನಾಲ್ಕೈದು ಕಿಲೋಮೀಟರ್ ದಾಟಿದರೆ ಅದನ್ನು ನೆಚ್ಚುವಂತಿಲ್ಲ.

ಫೈಬರ್ ಎಂದರೆ ಗಾಜಿನ ಎಳೆ, ತಲೆಕೂದಲಿನಷ್ಟು ಸಣ್ಣದು. ಅದರೊಳಗೆ ಹೋಗುವುದು ಬೆಳಕು. ಆಪರೇಟರನ ಕೋಣೆಯಿಂದ ಹೊರಟ ಒಂದು ಎಳೆಯ ಬೆಳಕನ್ನು ದಾರಿಯಲ್ಲಿ ಸ್ಪ್ಲಿಟರ್ ಎಂಬ ಕವಲಿನಿಂದ ಹಂಚಿ 32 ಅಥವಾ 64 ಮನೆಗಳಿಗೆ ಕೊಡುತ್ತಾರೆ. ಒಂದೇ ಹಳ್ಳದ ನೀರನ್ನು ಸರದಿಯ ಮೇಲೆ ತೋಟಗಳಿಗೆ ತಿರುಗಿಸಿದ ಹಾಗೆ. ಹೀಗೆ 20 ಕಿಲೋಮೀಟರಿನವರೆಗೂ ಒಯ್ಯಬಹುದು. ಈ ಎಳೆ, ಕವಲುಗಳಿಗೆ ಕರೆಂಟು ಬೇಡ ಎಂಬುದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮನೆಗೆ ಮುಟ್ಟಿದ ಬೆಳಕು ಎಷ್ಟೆಂದು ಅಳೆಯಲು ಅವರ ಬಳಿ ಅಂಗೈಯಗಲದ ಮೀಟರ್ ಇರುತ್ತದೆ. ಅಂಕಿ ಸೊನ್ನೆಗಿಂತ ಕೆಳಗಿನದು. ಮೈನಸ್ 20ರ ಆಸುಪಾಸಿದ್ದರೆ ಒಳ್ಳೆಯದು. ಮೈನಸ್ 27 ದಾಟಿದರೆ ಮನೆಯ ಪೆಟ್ಟಿಗೆ ಬೆಳಕು ಹಿಡಿಯಲು ಒದ್ದಾಡುತ್ತದೆ. ಮೂರು ಅಂಕಿ ಕೆಳಗಿಳಿದರೆ ಬೆಳಕು ಅರ್ಧವಾಯಿತೆಂದು ಅರ್ಥ. ಜೋಡಣೆ ಹಾಕುವ ದಿನವೇ ಈ ಅಂಕಿಯನ್ನು ಕೇಳಿ ಕ್ಯಾಲೆಂಡರಿನ ಹಿಂದೆ ಬರೆದಿಡಿ. ಮುಂದೆ ತಕರಾರು ಬಂದಾಗ ಅದೇ ನಿಮ್ಮ ಸಾಕ್ಷಿ.

ನಾನು ಬರೆದಿಟ್ಟಿರಲಿಲ್ಲ. ತಂತಿಯನ್ನು ನಮ್ಮ ತೋಟದೊಳಗೆ ಅಡಿಕೆ ಮರದಿಂದ ಮರಕ್ಕೆ ಕಟ್ಟಿ ಎಳೆದರು. ಬೇಸಿಗೆಯಲ್ಲಿ ನೋಡಲಿಕ್ಕೆ ಚೆಂದವೇ ಇತ್ತು. ಆಷಾಢದ ಗಾಳಿಗೆ ಮರಗಳು ಒಂದೊಂದು ದಿಕ್ಕಿಗೆ ತೂಗತೊಡಗಿದವು. ಕಟ್ಟಿದ ಸರಿಗೆ ತಂತಿಯ ಮೈಯನ್ನು ತಿಂದಿತು. ಮೇಲಿಂದ ಸೋಗೆ ಸಮೇತ ಹಾಳೆ ಬಿದ್ದು ಒಂದು ಕಡೆ ಮುರಿಯಿತು, ಉಳಿದದ್ದನ್ನು ಅಳಿಲು ನೋಡಿಕೊಂಡಿತು. ಬಂದ ಹುಡುಗ ಮೀಟರ್ ಹಿಡಿದು "ಮಾಸ್ತರ್ರೇ, ಬೆಳಕೇ ಬರ್ತಾ ಇಲ್ಲ" ಎಂದ. ಪ್ರತಿ ಸಲವೂ ಹರಿದಲ್ಲಿ ಬೆಸೆದು ಹೋಗುತ್ತಿದ್ದ, ಪ್ರತಿ ಬೆಸುಗೆಗೂ ಒಂದಿಷ್ಟು ಬೆಳಕು ಸೋರುತ್ತಿತ್ತು. ಕೊನೆಗೆ ನಾನೇ ನೀರಾವರಿಗೆ ತಂದು ಉಳಿದಿದ್ದ ಕರಿ ಪೈಪನ್ನು ಗುದ್ದಲಿ ಬೀಳದ ಬೇಲಿಯ ಬುಡದಲ್ಲಿ ಹುಗಿಸಿ, ತುಂಡಿಲ್ಲದ ಹೊಸ ತಂತಿಯನ್ನು ಅದರೊಳಗೆ ಹಾಯಿಸಿದೆ. ಆಮೇಲೆ ಎರಡು ಮಳೆಗಾಲ ಕಳೆದಿದೆ, ಆ ಹುಡುಗನನ್ನು ಕರೆಯುವ ಪ್ರಸಂಗ ಬಂದಿಲ್ಲ. ಉಳಿದ ತಂತಿಯನ್ನು ಸುತ್ತಿಡುವಾಗ ಬಳೆಗಿಂತ ಚಿಕ್ಕ ಸುತ್ತು ಮಾಡಬಾರದು, ಬಾಗಿದಲ್ಲಿ ಬೆಳಕು ಹೊರಗೆ ಹೋಗುತ್ತದೆ.

ಸಿಡಿಲಿನ ವಿಚಾರ. ಗಾಜಿನಲ್ಲಿ ವಿದ್ಯುತ್ತು ಹರಿಯುವುದಿಲ್ಲ ಎಂಬುದು ನಿಜ. ಆದರೆ ಮನೆಗೆಳೆಯುವ ತಂತಿಯಲ್ಲಿ ಬಲಕ್ಕೆಂದು ಸಾಮಾನ್ಯವಾಗಿ ಉಕ್ಕಿನ ಸರಿಗೆ ಇರುತ್ತದೆ. ಅದನ್ನು ಗೋಡೆಯ ಹೊರಗೇ ಕತ್ತರಿಸಿ ನಿಲ್ಲಿಸಲು ಹೇಳಿ. ಇನ್ನೊಂದು ದಾರಿ ಕರೆಂಟಿನ ಪ್ಲಗ್ಗು. ಗುಡುಗು ಶುರುವಾಗುವ ಮೊದಲೇ ಅದನ್ನು ಕಿತ್ತಿಡುವುದಕ್ಕಿಂತ ಅಗ್ಗದ ಉಪಾಯವಿಲ್ಲ.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಕರೆಂಟು. ಮರ ಬಿದ್ದು ಎರಡು ಮೂರು ದಿನ ಕರೆಂಟಿಲ್ಲದಿರುವುದು ಘಟ್ಟದ ಬುಡದ ನಮಗೆ ಹೊಸತಲ್ಲ. ನೆಟ್ಟು ಬೇಕಾಗುವುದೂ ಆಗಲೇ. ಮನೆಯ ಪೆಟ್ಟಿಗೆಗೆ 12ರಿಂದ 15 ವಾಟ್ ಸಾಕು. ಮನೆಯ ಇನ್ವರ್ಟರಿನ ಬ್ಯಾಟರಿ 12 ವೋಲ್ಟ್, 150 ಆಂಪಿಯರ್-ಅವರಿನದಾದರೆ ಅದರಲ್ಲಿರುವುದು ಸುಮಾರು 1800 ವಾಟ್-ಅವರ್. ಫ್ಯಾನು, ಟೀವಿ ಬಂದ್ ಮಾಡಿ ಪೆಟ್ಟಿಗೆಯನ್ನಷ್ಟೇ ನಡೆಸಿದರೆ ಲೆಕ್ಕಕ್ಕೆ 120 ಗಂಟೆ. ಇನ್ವರ್ಟರ್ ತಾನೇ ತಿನ್ನುವುದನ್ನೂ ಬ್ಯಾಟರಿಯ ವಯಸ್ಸನ್ನೂ ಕಳೆದು ಮೂರರಲ್ಲೊಂದು ಪಾಲು ಹಿಡಿದರೂ ಒಂದೂವರೆ ದಿನಕ್ಕೆ ತೊಂದರೆಯಿಲ್ಲ. ಇನ್ವರ್ಟರ್ ಇಲ್ಲದವರಿಗೆ ಪೆಟ್ಟಿಗೆಗೆಂದೇ ಇರುವ ಸಣ್ಣ ಯುಪಿಎಸ್ ಸಿಗುತ್ತದೆ, ಅದು ಕೆಲವು ಗಂಟೆ ನಡೆಸುತ್ತದೆ.

ಆದರೆ ನಮ್ಮ ಮನೆಯಲ್ಲಿ ದೀಪವಿದ್ದರೆ ಸಾಲದು, ಬೆಳಕು ಹೊರಡುವ ಕೋಣೆಯಲ್ಲೂ ಇರಬೇಕು. ಆದುದರಿಂದ ಜೋಡಣೆಗೆ ಮುಂಚೆ ಆಪರೇಟರನನ್ನು ಕೇಳತಕ್ಕ ಮೊದಲ ಪ್ರಶ್ನೆ ವೇಗದ್ದಲ್ಲ. "ನಿನ್ನ ಕೋಣೆಯಲ್ಲಿ ಬ್ಯಾಟರಿ ಎಷ್ಟು ಹೊತ್ತು ಬರ್ತದೆ? ಅಲ್ಲಿಂದ ನಮ್ಮ ಮನೆ ತನಕ ಕರೆಂಟು ಬೇಕಾದ ಪೆಟ್ಟಿಗೆ ಕಂಬದ ಮೇಲೆ ಎಲ್ಲಾದರೂ ಇದೆಯಾ?" ಎಂದು ಕೇಳಿ. ಪೂರ್ತಿ ಗಾಜಿನ ದಾರಿಯಾದರೆ ಇರುವುದಿಲ್ಲ. ಅಗ್ಗಕ್ಕೆಂದು ನಡುನಡುವೆ ಸ್ವಿಚ್ಚಿನ ಪೆಟ್ಟಿಗೆ ಇಟ್ಟಿದ್ದರೆ ಯಾವುದೋ ಊರಿನ ಕಂಬದಲ್ಲಿ ಕರೆಂಟು ಹೋದಾಗ ನಿಮ್ಮದೂ ಹೋಗುತ್ತದೆ. ಎರಡನೆಯ ಪ್ರಶ್ನೆ, ಸಂಜೆ ಎಂಟು ಗಂಟೆಗೆ ನೆರೆಮನೆಯಲ್ಲಿ ಹೇಗಿದೆ ಎಂಬುದು. ಇದನ್ನು ನೆರೆಯವರನ್ನೇ ಕೇಳಿ. ಬೆಳಿಗ್ಗೆ ಆರಕ್ಕೆ ಚೆನ್ನಾಗಿದ್ದು ಸಂಜೆ ಕುಂಟಿದರೆ ಆಪರೇಟರ್ ಮೇಲಿನಿಂದ ಕೊಂಡದ್ದು ಕಡಿಮೆ, ಹಂಚಿದ್ದು ಜಾಸ್ತಿ ಎಂದಾಯಿತು.

ಕದ್ರಾ ಕಡೆಯವರ ಟವರಿನ ಕಥೆಯೂ ಬಹುಮಟ್ಟಿಗೆ ಇದೇ. ಫೋನಿನ ಕಡ್ಡಿ ತೋರಿಸುವುದು ನಿಮಗೂ ಟವರಿಗೂ ನಡುವಿನ ಸಂಬಂಧವನ್ನು ಮಾತ್ರ. ಟವರಿನಿಂದ ಮುಂದೆ ಸುದ್ದಿ ಹೋಗುವ ದಾರಿ ಕಿರಿದಾಗಿದ್ದರೆ, ಜನ ಹೆಚ್ಚಿದ್ದರೆ, ಕಡ್ಡಿ ತುಂಬಿದ್ದೂ ಫೋಟೋ ಹೋಗದು. ಮನೆಯಲ್ಲಿ ಫೈಬರ್ ಇದ್ದು ಟವರ್ ಸಿಗದವರು ಫೋನಿನ ಸೆಟ್ಟಿಂಗ್ಸಿನಲ್ಲಿ ವೈಫೈ ಕಾಲಿಂಗ್ ಇದೆಯೇ ನೋಡಿ. ನಿಮ್ಮ ಸಿಮ್ ಕಂಪನಿ ಕೊಡುತ್ತಿದ್ದರೆ ಮಾಮೂಲು ಕರೆಗಳು ಮನೆಯ ನೆಟ್ಟಿನ ಮೂಲಕವೇ ಬರುತ್ತವೆ.

ತಂತಿಗಳು ರಸ್ತೆ, ಸೇತುವೆಗಳ ಜೊತೆಯಲ್ಲೇ ಸಾಗುತ್ತವೆ ಎಂಬುದನ್ನೂ ಮರೆಯುವಂತಿಲ್ಲ. 2021ರ ಜುಲೈಯಲ್ಲಿ ಗಂಗಾವಳಿ ಉಕ್ಕಿದ್ದು, 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿದ್ದು, ಅದೇ ಆಗಸ್ಟ್ 7ರ ನಸುಕಿನಲ್ಲಿ ಕಾರವಾರದ ಹಳೇ ಕಾಳಿ ಸೇತುವೆ ಬಿದ್ದದ್ದು ನಮ್ಮ ಕಣ್ಣೆದುರಿಗಿದೆ. ಅಂಥ ದಿನ ಮನೆಯ ಹಿರಿಯರಿಗೆ ಎದೆನೋವು ಬಂದರೆ ಸುದ್ದಿ ಮುಟ್ಟಿಸುವುದು ಹೇಗೆ? ಮನೆಯ ಎಲ್ಲ ಫೋನುಗಳಿಗೂ ಒಂದೇ ಕಂಪನಿಯ ಸಿಮ್ ಬೇಡ. ಕೇರಿಯ ಎಲ್ಲ ಮನೆಗಳಿಗೂ ಒಬ್ಬನೇ ಆಪರೇಟರನ ತಂತಿಯೂ ಬೇಡ. ಒಂದು ಮನೆಯಾದರೂ ಬೇರೆ ದಾರಿಯದನ್ನು ಇಟ್ಟುಕೊಂಡರೆ ಆಪತ್ತಿಗೆ ಎಲ್ಲರಿಗೂ ಆಗುತ್ತದೆ.

ಕೊನೆಗೆ ಕಂಪ್ಯೂಟರಿನ ವಿಚಾರ ಒಂದಿಷ್ಟು. ವಿಂಡೋಸ್ 10ಕ್ಕೆ ಕಂಪನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಳೆಯ ಯಂತ್ರಗಳು ಅನೇಕವು 11ಕ್ಕೆ ಏರುವುದಿಲ್ಲ. ಹಾಗೆಂದು ಗುಜರಿಗೆ ಹಾಕಬೇಕಾಗಿಲ್ಲ. ಮುಕ್ತ ತಂತ್ರಾಂಶ ಎಂಬುದೊಂದಿದೆ. ನಮ್ಮ ಬೋರ್ಡೋ ದ್ರಾವಣವನ್ನೇ ನೋಡಿ. 1885ರಲ್ಲಿ ಫ್ರಾನ್ಸಿನ ಮಿಲಾರ್ಡೆ ದ್ರಾಕ್ಷಿಗೆಂದು ಪ್ರಕಟಿಸಿದ ಪಾಕವದು. ಮೈಸೂರು ಸೀಮೆಯಲ್ಲಿ ಕೋಲ್ಮನ್ ಸಾಹೇಬರು ಅದನ್ನು ಅಡಿಕೆಯ ಕೊಳೆರೋಗಕ್ಕೆ ಬಳಕೆಗೆ ತಂದರು. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಎಂಬುದು ಎಲ್ಲರಿಗೂ ಗೊತ್ತು. ಯಾರೂ ಮಾಡಬಹುದು, ತಪ್ಪಿದ್ದರೆ ತಿದ್ದಬಹುದು, ನೆರೆಯವನಿಗೂ ಕಲಿಸಬಹುದು. ಮುಕ್ತ ತಂತ್ರಾಂಶವೂ ಹಾಗೆಯೇ. ಅದರ ಪಾಕ ಬಹಿರಂಗವಾಗಿರುತ್ತದೆ. ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಶುರುಮಾಡಿದ ಲಿನಕ್ಸ್ ಅಂಥದ್ದು. ನಿಮ್ಮ ಜೇಬಿನ ಆಂಡ್ರಾಯ್ಡ್ ಫೋನಿನ ತಳಪಾಯವೂ ಅದೇ. ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್ ಮಿಂಟ್ ಹಾಕಿ, ಲೆಕ್ಕ-ಪತ್ರಕ್ಕೆ ಲಿಬ್ರೆ ಆಫೀಸ್ ಬಳಸಿದರೆ ಖರ್ಚಿಲ್ಲ. ಕೆ. ಪಿ. ರಾಯರ ಕಗಪ ಕೀಲಿಮಣೆಯೂ ಅದರಲ್ಲಿ ಸಿಗುತ್ತದೆ.

ಎಲ್ಲರಿಗೂ ಇದು ಹೊಂದುತ್ತದೆಂದು ಹೇಳಲಾರೆ. ಟ್ಯಾಲಿಯಲ್ಲಿ ಲೆಕ್ಕ ಇಡುವವರು, ಡಿಜಿಟಲ್ ಸಹಿಯ ಕಡ್ಡಿ ಬಳಸುವವರು ವಿಂಡೋಸ್ ಬಿಡಬಾರದು. ಪ್ರಿಂಟರ್ ನಡೆಯುತ್ತದೋ ಎಂದು ಮೊದಲು ಪೆನ್‌ಡ್ರೈವಿನಿಂದಲೇ ಲಿನಕ್ಸ್ ಓಡಿಸಿ ನೋಡಬಹುದು, ಒಳಗಿನ ಯಾವುದನ್ನೂ ಅಳಿಸಬೇಕಾಗಿಲ್ಲ. ಹಳೇ ನುಡಿ ಅಕ್ಷರದಲ್ಲಿ ಬರೆದ ಪತ್ರಗಳಿದ್ದರೆ ಅವನ್ನು ಯುನಿಕೋಡಿಗೆ ಬದಲಿಸಿಕೊಳ್ಳಿ. ಇಲ್ಲದಿದ್ದರೆ ಫೋನಿನಲ್ಲಿ ತೆರೆದಾಗ ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಬದಲಿಸುವ ಮುನ್ನ ಮೂಲದ ಒಂದು ಪ್ರತಿಯನ್ನು ಬೇರೆ ಕಡೆ ಇಟ್ಟಿರಿ, ಒತ್ತಕ್ಷರಗಳು ಕೆಲವೊಮ್ಮೆ ಸ್ಥಾನ ತಪ್ಪುತ್ತವೆ.